ಬೂದುಬಾತಿನ ಅರ್ಧ ಗಂಟೆ

ನಗು, ನಗು. ನಗೋದಕ್ಕೆ ಯಾರಪ್ಪನ ಗಂಟು ಹೋಗ್ಬೇಕು. ಆದ್ರೆ ನಿನ್ನ ಚಿಕ್ಕಜ್ಜಿ ಎದುರಿಗೆ ಮಾತ್ರ ಹಲ್ಲು ಬಿಡಬೇಡ ಪುಟ್ಟಿ, ಅವಳು ಈಗ ಕಾದ ಇಸ್ತ್ರಿಪೆಟ್ಟಿಗೆ ಥರ ಇದಾಳೆ, ಮುಟ್ಟಿದ್ರೆ ಚುರ್ ಅನ್ನುತ್ತೆ. ನಿಮ್ಮಮ್ಮ ಫೋನಲ್ಲಿ ಹೇಳ್ತಾ ಇದ್ದಿದ್ದು ನಂಗೂ ಕೇಳಿಸ್ತು. ಅರವತ್ತಾರು ವರ್ಷದ ಹೆಂಗಸು, ಟೀವಿ ಧಾರಾವಾಹಿಲಿ ಬರೋ ಸುಳ್ಳು ಯುದ್ಧಕ್ಕೆ, ಇಪ್ಪತ್ತೆರಡು ಜನರ ಮುಂದೆ ನಿಂತು ನಿಜವಾದ ಜಗಳ ಆಡಿ ಬಂದ್ಲು ಅಂತ. ಹೌದು, ಆಡಿದ್ಲು. ಯಾಕೆ ಆಡಿದ್ಲು ಅಂತ ನಿಮ್ಮಮ್ಮಂಗೆ ಗೊತ್ತಿಲ್ಲ. ಹದಿನೈದು ದಿನದ ಹಿಂದಿನ ತನಕ ನಂಗೂ ಗೊತ್ತಿರ್ಲಿಲ್ಲ. ಒಡಹುಟ್ಟಿದ ಅಕ್ಕ ನಾನು, ಅವಳ ಹಾಲುಹಲ್ಲು ಯಾವ ಕ್ರಮದಲ್ಲಿ ಬಿತ್ತು ಅಂತ ಬೇಕಾದ್ರೂ ಹೇಳ್ತೀನಿ, ಇದು ಮಾತ್ರ ಗೊತ್ತಿರ್ಲಿಲ್ಲ. ಕೂತ್ಕೋ. ಆ ದಿಂಬು ಆಚೆ ಸರಿಸಿ ಕಾಲು ಮೇಲೆ ಹಾಕ್ಕೊಂಡೇ ಕೂತ್ಕೋ.

ಚಿಕ್ಕಜ್ಜಿ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ದುಡಿದ್ಲು, ಅದು ನಿಂಗೆ ಗೊತ್ತು. ಏನು ಕೆಲಸ ಅಂತ ಯಾವತ್ತಾದ್ರೂ ಕೇಳಿದೀಯಾ? ಟಿಕೆಟ್ ಹರಿಯೋದಲ್ಲ. ಬಸ್ಸುಗಳ ನಕ್ಷೆ ಬರೆಯೋದು. ವರ್ಕ್‌ಶಾಪಿನ ಮೇಲೆ ಒಂದು ಮಾಳಿಗೆ ಕೋಣೆ, ಕೆಳಗಿಂದ ಡೀಸೆಲ್ ವಾಸನೆ, ಯಾವುದಾದ್ರೂ ಬಸ್ಸು ಸ್ಟಾರ್ಟ್ ಆದ್ರೆ ಕಿಟಕಿ ಗಾಜೆಲ್ಲ ಗಡಗಡ. ಹನ್ನೊಂದು ಅಡಿ ಉದ್ದದ ಮೇಜು, ಅದರ ಮೇಲೆ ಅಷ್ಟೇ ಉದ್ದದ ಕಾಗದ. ಎಡದಿಂದ ಬಲಕ್ಕೆ ದಿನದ ಗಂಟೆಗಳು. ಮೇಲಿಂದ ಕೆಳಕ್ಕೆ ಊರುಗಳು. ಒಂದೊಂದು ಬಸ್ಸಿಗೆ ಒಂದೊಂದು ಗೆರೆ. ಬಸ್ಸು ಓಡ್ತಾ ಇದ್ರೆ ಗೆರೆ ಓರೆಯಾಗಿ ಇಳಿಯುತ್ತೆ, ಬಸ್ಸು ನಿಂತ್ರೆ ಗೆರೆ ಮಟ್ಟಸವಾಗಿ ಮಲಗುತ್ತೆ. ಅಷ್ಟೇ ವಿದ್ಯೆ. ಆದ್ರೆ ಆ ಕಾಗದ ನೋಡಿ, ಮಧ್ಯಾಹ್ನ ಮೂರೂ ಹತ್ತಕ್ಕೆ ಯಾವ ಬಸ್ಸು ಯಾವ ಸೇತುವೆ ಮೇಲಿದೆ, ಯಾವ ಡ್ರೈವರು ಎಲ್ಲಿ ಟೀ ಕುಡೀತಿದಾನೆ ಅಂತ ಕಣ್ಣಿಗೆ ಕಟ್ಟಿದ ಹಾಗೆ ಹೇಳೋಳು. ಡಿಪೋದವರೆಲ್ಲ ಗೆರೆಯಮ್ಮ ಅಂತಲೇ ಕರೀತಿದ್ರು.

ಹುಟ್ಟಿನಿಂದಲೂ ಹಾಗೇ ಬಿಡು. ಚಿಕ್ಕೋಳಿದ್ದಾಗ ಮನೇಲಿ ಯಾರು ಎಷ್ಟು ಹೊತ್ತಿಗೆ ಸ್ನಾನಕ್ಕೆ ಹೋಗ್ಬೇಕು ಅಂತ ಚೀಟಿ ಬರೆದು ಬಚ್ಚಲ ಬಾಗಿಲಿಗೆ ಅಂಟಿಸ್ತಿದ್ಲು. ನಾನು ಬೇಕಂತಲೇ ಐದು ನಿಮಿಷ ಜಾಸ್ತಿ ನೀರು ಹುಯ್ಕೊಳ್ತಿದ್ದೆ, ಅವಳ ಮುಖ ಕೆಂಪಾಗೋದು ನೋಡೋದಕ್ಕೆ. ಇರಲಿ, ಎಲ್ಲಿದ್ದೆ?

ಹಾ, ಯುದ್ಧ. ಈ ಯುದ್ಧ ಅವಳ ಮನೆಗೆ ಬಂದಿದ್ದು ಕಾಮಾಲೆ ಜೊತೆಗೆ. ಅವಳ ಮಗಳು, ನಿನ್ನ ಚಿಕ್ಕಮ್ಮ, ಒಂಬತ್ತು ವರ್ಷದಲ್ಲಿ ಕಾಮಾಲೆ ಬಂದು ಎರಡು ತಿಂಗಳು ಹಾಸಿಗೆ ಹಿಡಿದ್ಲು. ಆ ಮಗು ಪಾಪ, ನಿಂಬೆಹಣ್ಣಿನ ಬಣ್ಣ ಆಗಿತ್ತು, ಏಳೋ ಹಾಗಿಲ್ಲ, ಓಡೋ ಹಾಗಿಲ್ಲ, ಟೀವಿ ಒಂದೇ ಗತಿ. ವಾರಕ್ಕೊಂದು ದಿನ ಸಂಜೆ ‘ಹನ್ನೊಂದು ಬಾಗಿಲ ಯುದ್ಧ’ ಅಂತ ಬರ್ತಿತ್ತು. ಆಕಾಶದಲ್ಲಿ ಹನ್ನೊಂದು ಬಾಗಿಲು, ಒಂದೊಂದೂ ಒಂದು ಊರಿನಷ್ಟು ದೊಡ್ಡದು. ಅದರ ಮೂಲಕ ಹಡಗುಗಳು ಈ ಲೋಕದಿಂದ ಆ ಲೋಕಕ್ಕೆ ಓಡಾಡ್ತಾವೆ. ಬಾಗಿಲ ಬೀಗದಕೈ ಯಾರ ಹತ್ರ ಇರ್ಬೇಕು ಅನ್ನೋದೇ ಹನ್ನೊಂದು ವರ್ಷದ ಜಗಳ. ನಾನೂ ಒಂದೆರಡು ಕಂತು ನೋಡಿದೆ, ಎಲ್ಲರೂ ಬೆಳ್ಳಿ ಬಣ್ಣದ ಬಟ್ಟೆ ಹಾಕ್ಕೊಂಡು ಕೂಗಾಡ್ತಿದ್ರು, ಯಾರು ನಮ್ಮೋರು ಯಾರು ಅವರೋರು ಅಂತಲೇ ತಿಳೀಲಿಲ್ಲ. ಆದ್ರೆ ನನ್ನ ತಂಗಿಗೆ ಒಂದು ವಿಷಯ ಹಿಡಿಸ್ತು. ಆ ಹಡಗಿನವರು ಮಾತು ಮಾತಿಗೂ ಹೊತ್ತು ಹೇಳೋರು. ಇಷ್ಟು ಗಂಟೆಗೆ ಮೂರನೇ ಬಾಗಿಲು ಬಿಟ್ವಿ, ಇನ್ನಿಷ್ಟು ಗಂಟೆಗೆ ಒಂಬತ್ತನೇದು ಮುಟ್ತೀವಿ. ಅವಳ ಕೈ ತುರಿಸದೆ ಇರುತ್ತಾ? ಡಿಪೋದಿಂದ ಹಳೇ ಕಾಗದದ ತುಂಡು ತಂದು, ಮಗಳ ಮಂಚದ ಪಕ್ಕ ನೆಲದ ಮೇಲೆ ಹಾಸ್ಕೊಂಡು, ಆ ಯುದ್ಧದ ನಕ್ಷೆ ಎಳೆಯೋಕೆ ಶುರು ಮಾಡಿದ್ಲು. ಮೇಲಿಂದ ಕೆಳಕ್ಕೆ ಊರುಗಳ ಬದಲು ಬಾಗಿಲುಗಳು. ಬಸ್ಸುಗಳ ಬದಲು ಹಡಗುಗಳು. ಮಗಳು ಮಲಗಿದಲ್ಲಿಂದಲೇ ಬಣ್ಣ ಹೇಳೋಳು, ಅಮ್ಮ ಗೆರೆ ಎಳೆಯೋಳು. ಕಾಮಾಲೆ ಇಳೀತು, ನಕ್ಷೆ ಮಾತ್ರ ಇಳೀಲಿಲ್ಲ. ಇವತ್ತಿಗೆ ಇಪ್ಪತ್ನಾಲ್ಕು ವರ್ಷ.

ಈಗ ಒಂದು ಕಂತಿನ ವಿಷಯ ಗಮನ ಇಟ್ಟು ಕೇಳು, ಎಲ್ಲಾ ರಾಮಾಯಣ ಇರೋದು ಅಲ್ಲೇ. ನಲವತ್ತೊಂದನೇ ಕಂತು. ಉಪ್ಪಿನ ಚಂದ್ರ ಅಂತ ಒಂದು ಚಂದ್ರ, ಅಲ್ಲಿ ಗಣಿ ಕೆಲಸದ ನಾಲ್ಕು ಸಾವಿರ ಜನ. ಶತ್ರುಗಳು ಬರ್ತಾ ಇದಾರೆ. ಈ ಜನರನ್ನ ಹತ್ತಿಸ್ಕೊಂಡು ಬರೋದಕ್ಕೆ ನಾಲ್ಕನೇ ಬಾಗಿಲಿಂದ ಒಂದು ಹಡಗು ಹೊರಡುತ್ತೆ, ಅದರ ಹೆಸರು ಬೂದುಬಾತು. ನೋಡೋದಕ್ಕೂ ಹೊಟ್ಟೆ ದಪ್ಪ, ಕತ್ತು ಉದ್ದ, ಬಾತುಕೋಳಿ ಹಾಗೇ. ಕ್ಯಾಪ್ಟನ್ ಒಬ್ಳು ಕುಳ್ಳಗಿನ ಹೆಂಗಸು, ಮಾತು ಕಮ್ಮಿ. ಬೂದುಬಾತು ತಲುಪುವಾಗ ಇಪ್ಪತ್ತು ನಿಮಿಷ ತಡ ಆಗಿರುತ್ತೆ. ಚಂದ್ರ ಇಲ್ಲ. ಬರೀ ಉಪ್ಪಿನ ಪುಡಿ ಕಿಟಕಿಗೆ ಬಡೀತಾ ಇರುತ್ತೆ. ಆ ಹೆಂಗಸು ಕಿಟಕಿ ಹತ್ರ ನಿಂತು ನೋಡ್ತಾಳೆ, ಕಂತು ಮುಗಿಯುತ್ತೆ. ಯಾಕೆ ತಡ ಆಯ್ತು ಅಂತ ಅವಳೂ ಹೇಳಲ್ಲ, ಧಾರಾವಾಹಿಯವರೂ ಹೇಳಲಿಲ್ಲ.

ನನ್ನ ತಂಗಿ ಬೂದುಬಾತಿನ ಗೆರೆ ಎಳೆದ್ಲು. ಹೊರಟ ಹೊತ್ತು ಗೊತ್ತು, ಓಟ ಇಪ್ಪತ್ತು ಗಂಟೆದು ಅಂತ ಗೊತ್ತು. ಗೆರೆ ಹೋಗಿ ಎಲ್ಲಿ ಮುಟ್ತು ಅಂದ್ರೆ, ಸರಿಯಾಗಿ ಇಪ್ಪತ್ತು ನಿಮಿಷ ತಡಕ್ಕೆ. ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ. ಅಂದ್ರೆ ಏನು? ಆ ಹೆಂಗಸು ದಾರೀಲಿ ಒಂದು ನಿಮಿಷ ಹಾಳು ಮಾಡ್ಲಿಲ್ಲ, ಹೊರಡು ಅಂತ ಹೇಳಬೇಕಾದೋರೇ ತಡವಾಗಿ ಹೇಳಿದ್ರು. ಅವತ್ತು ಅವಳಿಗೆ ಆದ ಸಮಾಧಾನ ನೋಡ್ಬೇಕಿತ್ತು ನೀನು. ಸ್ವಂತ ನಾದಿನಿ ಮೇಲಿನ ಕಳ್ಳತನದ ಆರೋಪ ತೊಡೆದು ಹೋದ ಹಾಗೆ ಓಡಾಡಿದ್ಲು.

ಆಮೇಲೆ ಕನ್ನಡಕ ಬಂತು, ಕನ್ನಡಕದ ಜೊತೆ ಸಂಘ ಬಂತು. ಹತ್ರದ್ದು ಕಾಣಲ್ಲ ಅಂತ ಕನ್ನಡಕದ ಅಂಗಡಿಗೆ ಹೋದ್ರೆ, ಅಂಗಡಿಯವನ ಮೇಜಿನ ಗಾಜಿನ ಕೆಳಗೆ ಬೂದುಬಾತಿನ ಚಿತ್ರ. ಇವಳು ಕಣ್ಣು ಪರೀಕ್ಷೆ ಮರೆತು, ಅವನು ಗಿರಾಕಿಗಳನ್ನ ಮರೆತು, ಎರಡು ಗಂಟೆ ಮಾತು. ಅಂಗಡಿ ಮೇಲಿನ ಕೋಣೆಲಿ ತಿಂಗಳಿಗೊಂದು ಭಾನುವಾರ ಅಭಿಮಾನಿಗಳು ಸೇರ್ತಾರೆ ಅಂತ ಗೊತ್ತಾಯ್ತು. ಅಲ್ಲಿ ಎಲ್ಲಾ ಥರದೋರು ಇದ್ರು, ಶಾಲೇಲಿ ಗಣಿತ ಹೇಳೋ ಮೇಡಂ, ಕಟ್ಟಡದ ಕ್ರೇನ್ ಓಡಿಸೋನು, ಕಾಲೇಜಿನವರು, ಒಬ್ಬ ಬೇಕರಿ ಯಜಮಾನ. ಎರಡು ಪಕ್ಷ. ಕ್ಯಾಪ್ಟನ್ ಹೆದರಿದ್ಲು ಅನ್ನೋದು ಹೇಡಿ ಪಕ್ಷ, ಅವಳ ತಪ್ಪಿಲ್ಲ ಅನ್ನೋದು ಪಾಪದ ಪಕ್ಷ. ಒಬ್ಬರ ಮುಖ ಒಬ್ಬರು ನೋಡ್ತಿರ್ಲಿಲ್ಲ, ಬಿಸ್ಕತ್ತು ಮಾತ್ರ ಒಂದೇ ತಟ್ಟೇಲಿ ತಿಂತಿದ್ರು. ಇವಳು ನಕ್ಷೆ ತಂದು ಗೋಡೆಗೆ ಹಾಕಿದ ದಿನ ಹೇಡಿ ಪಕ್ಷ ತಣ್ಣಗಾಯ್ತು. ಅವತ್ತಿಂದ ಸಂಘದ ಕಾಲಪಟ್ಟಿ ಅಂದ್ರೆ ಇವಳ ನಕ್ಷೆ, ಯುದ್ಧದಲ್ಲಿ ಏನು ಯಾವಾಗ ನಡೀತು ಅನ್ನೋದಕ್ಕೆ ಕೆಳಗೆ ಇವಳ ಸಹಿ. ಸಂಘಕ್ಕೆ ಒಂದೇ ಒಂದು ನಿಯಮ, ಅಂಗಡಿಯವನು ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕಿದ್ದ: ತೋರಿಸದೇ ಇದ್ದದ್ದು ನಡೆದಿಲ್ಲ. ಧಾರಾವಾಹಿಲಿ ಕಂಡಿದ್ದು ಮಾತ್ರ ಸತ್ಯ, ಮನಸ್ಸಿಗೆ ಬಂದಿದ್ದು ಸೇರಿಸೋ ಹಾಗಿಲ್ಲ.

ಹೀಗೇ ನಡೀತಿತ್ತು. ಈ ವರ್ಷ ಧಾರಾವಾಹಿ ಮಾಡಿದ ಕಂಪನಿ ಮತ್ತೆ ಎದ್ದು ಕೂತಿತು. ಯುದ್ಧದ ಅಧಿಕೃತ ಇತಿಹಾಸ ಅಂತ ಒಂದು ದಪ್ಪ ಪುಸ್ತಕ ತರ್ತಾರಂತೆ. ಅದರಲ್ಲಿ ಬರೆದಿದಾರೆ, ಬೂದುಬಾತಿನ ಕ್ಯಾಪ್ಟನ್ ಹೆದರಿ ಆರನೇ ಬಾಗಿಲ ಹಿಂದೆ ತೊಂಬತ್ತು ನಿಮಿಷ ಅವಿತುಕೊಂಡಿದ್ಲು, ಅದಕ್ಕೇ ನಾಲ್ಕು ಸಾವಿರ ಜನ ಸತ್ರು ಅಂತ. ಜೊತೆಗೆ ಅಭಿಮಾನಿ ಸಂಘಗಳಿಗೆ ಒಂದು ಪತ್ರ. ನಿಮ್ಮ ಕಾಲಪಟ್ಟಿ ನಮ್ಮ ಪುಸ್ತಕಕ್ಕೆ ಹೊಂದಿದ್ರೆ, ಪಟ್ಟಿ ಬರೆದವರ ಸಹಿ ಹಾಕಿ ಕಳಿಸಿ, ಪುಸ್ತಕದ ಕೊನೇಲಿ ನಿಮ್ಮ ಸಂಘದ ಹೆಸರು ಹಾಕ್ತೀವಿ, ಎಲ್ಲರನ್ನೂ ಬಿಡುಗಡೆಗೆ ಕರೀತೀವಿ. ಕನ್ನಡಕದವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಷ್ಟು ವರ್ಷ ಬಿಸ್ಕತ್ತು ಹಂಚಿದ್ದಕ್ಕೆ ಕೊನೆಗೂ ಒಂದು ಹೆಸರು ಅಂತ.

ನನ್ನ ತಂಗಿ, ಪುಸ್ತಕ ತಪ್ಪು, ನಕ್ಷೆ ಸರಿ, ಬೇಕಾದ್ರೆ ಗಣಿತದ ಮೇಡಂ ಒರೆ ಹಚ್ಚಿ ನೋಡ್ಲಿ ಅಂದ್ಲು. ಸೆಟೆದುಕೊಂಡೇ ಅಂದ್ಲು. ಮೇಡಂ ಹೇಡಿ ಪಕ್ಷವೂ ಅಲ್ಲ, ಪಾಪದ ಪಕ್ಷವೂ ಅಲ್ಲ, ಲೆಕ್ಕದ ಪಕ್ಷ. ಅಳತೆಪಟ್ಟಿ ಹಿಡ್ಕೊಂಡು ಗೋಡೆ ಎದುರು ಕೂತ್ರು. ಒಂದು ಗಂಟೆ ಆದ್ಮೇಲೆ ತಿರುಗಿ, ತುಂಬಾ ಮೆತ್ತಗೆ ಕೇಳಿದ್ರು. ಗೆರೆಯಮ್ಮ, ಪ್ರತಿ ಹಡಗಿನ ಗೆರೆನೂ ಆರು ಗಂಟೆಗೊಂದು ಸಲ ಚೂರು ಮಟ್ಟಸ ಆಗುತ್ತಲ್ಲ, ಅರ್ಧ ಅರ್ಧ ಗಂಟೆ, ಅದು ಯಾವ ಕಂತಿನಲ್ಲಿದೆ?

ಇವಳು ಎದ್ದು ಹೋಗಿ ನೋಡಿದ್ಲು. ಕನ್ನಡಕ ತೆಗೆದು ನೋಡಿದ್ಲು, ಹಾಕ್ಕೊಂಡು ನೋಡಿದ್ಲು. ಯಾವ ಕಂತಿನಲ್ಲೂ ಇಲ್ಲ. ಅದು ಡಿಪೋದ ಅರ್ಧ ಗಂಟೆ. ಆರು ಗಂಟೆ ಓಡಿಸಿದ ಡ್ರೈವರಿಗೆ ಅರ್ಧ ಗಂಟೆ ಊಟದ ವಿರಾಮ. ಇಪ್ಪತ್ನಾಲ್ಕು ವರ್ಷದಿಂದ ಅವಳ ಕೈ, ಅವಳನ್ನ ಒಂದು ಮಾತೂ ಕೇಳದೆ, ಆಕಾಶದಲ್ಲಿ ಓಡೋ ಎಲ್ಲಾ ಯುದ್ಧದ ಹಡಗಿಗೂ ಊಟದ ಬಿಡುವು ಕೊಟ್ಕೊಂಡು ಬಂದಿತ್ತು. ಶತ್ರುಗಳಿಗೂ ಕೊಟ್ಟಿತ್ತು.

ಆ ಕೋಣೆಲಿ ಎದ್ದ ನಗು ಕೆಳಗಡೆ ಬೀದಿಗೆ ಕೇಳಿಸ್ತಂತೆ. ಕಾಲೇಜಿನವನೊಬ್ಬ, ಬಾಂಬು ಹಾಕೋ ಮುಂಚೆ ಕೈ ತೊಳ್ಕೊಂಡು ಬರ್ತೀವಿ ಅಂದ. ನಗೋದು ಮುಗಿದ ಮೇಲೆ ಲೆಕ್ಕ. ಇಪ್ಪತ್ತು ಗಂಟೆ ಓಟಕ್ಕೆ ಮೂರು ವಿರಾಮ, ತೊಂಬತ್ತು ನಿಮಿಷ. ಅದನ್ನ ಅಳಿಸಿದ್ರೆ ಬೂದುಬಾತು ಎಪ್ಪತ್ತು ನಿಮಿಷ ಮುಂಚೆನೇ ತಲುಪಬೇಕಿತ್ತು. ತಲುಪಲಿಲ್ಲ. ಅಂದ್ಮೇಲೆ ಎಲ್ಲೋ ನಿಂತಿದ್ಲು. ಅಂದ್ಮೇಲೆ ಪುಸ್ತಕ ಸರಿ. ಹೇಡಿ ಪಕ್ಷದವರು ಎದ್ದು ಕೈ ಕೈ ಕುಲುಕಿದ್ರು. ಕನ್ನಡಕದವನು ಒಳ್ಳೇನೇ, ಇವಳ ಭುಜ ತಟ್ಟಿ, ಪರವಾಗಿಲ್ಲ ಬಿಡಿ, ಆ ಮಟ್ಟಸ ಗೆರೆಗಳನ್ನ ಅಳಿಸಿ, ಬರೋ ಭಾನುವಾರನೇ ಇನ್ನೊಂದು ಸಲ ಸೇರೋಣ, ಸಹಿ ಹಾಕಿ ಕೊಡಿ, ಕಳಿಸೋಣ ಅಂದ. ಇಂಗು ತಿಂದ ಮಂಗನ ಹಾಗೆ ನಕ್ಷೆ ಸುತ್ಕೊಂಡು ಮನೆಗೆ ಬಂದ್ಲು.

ಮಾರನೇ ದಿನ ಬೆಳಿಗ್ಗೆ ನೆಲದ ಮೇಲೆ ನಕ್ಷೆ ಹಾಸಿ, ಮೂಲೆಗೆ ನಾಲ್ಕು ಡಬ್ಬ ಇಟ್ಟು, ರಬ್ಬರ್ ತಗೊಂಡು ಕೂತ್ಲು. ನಾನು ಅವತ್ತು ಅಲ್ಲೇ ಇದ್ದೆ, ಅವಳ ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡ್ತಾನಲ್ಲ, ನನ್ನ ಯಂತ್ರದ ಸೂಜಿ ಪದೇ ಪದೇ ಮುರೀತಿತ್ತು, ತೋರಿಸೋಣ ಅಂತ ಹೋಗಿದ್ದೆ. ನೋಡ್ತೀನಿ, ಇವಳು ರಬ್ಬರ್ ಕಾಗದದ ಮೇಲೆ ಇಟ್ಟಿದಾಳೆ, ಉಜ್ಜಲ್ಲ. ಕಾಲು ಗಂಟೆ ಹಾಗೇ. ಏನೇ, ಕೈಗೆ ಪಾರ್ಶ್ವವಾಯು ಬಡೀತಾ ಅಂದೆ. ಆಗ ಹೇಳಿದ್ಲು. ಗಂಡಂಗೂ ಅವತ್ತೇ ಗೊತ್ತಾಗಿದ್ದು.

ಮೂವತ್ತು ವರ್ಷದ ಹಿಂದಿನ ಮಾತು. ಡಿಪೋಗೆ ಹೊಸ ಮ್ಯಾನೇಜರ್ ಬಂದಿದ್ದ. ಬಂದರಿನ ಊರಿಗೆ ಹೋಗೋ ಹನ್ನೊಂದು ಗಂಟೆಯ ದಾರಿಲಿ ದಿನಕ್ಕೆ ಒಂದು ಬಸ್ಸು ಜಾಸ್ತಿ ಓಡಬೇಕು, ಬಸ್ಸು ಇಲ್ಲ, ಜನ ಇಲ್ಲ. ಇವಳನ್ನ ಕರೆದು ನಕ್ಷೆ ಮೇಲೆ ಬೆರಳಿಟ್ಟು, ಈ ಮಟ್ಟಸ ಗೆರೆ ಯಾಕೆ, ಬಸ್ಸು ಸುಮ್ನೆ ನಿಂತಿದೆಯಲ್ಲ, ಅಳಿಸು ಅಂದ. ಇವಳು ಹೊಸಬಳಲ್ಲ, ಆದ್ರೂ ಮೇಲಿನವನು ಹೇಳಿದ ಅಂತ ಅಳಿಸಿದ್ಲು. ಎಷ್ಟು ಹೊತ್ತು ಬೇಕು ಅಳಿಸೋದಕ್ಕೆ, ಮೂರು ಸಲ ಉಜ್ಜಿದ್ರೆ ಆಯ್ತು, ಪುಡಿ ಊದಿದ್ಲು. ಇಪ್ಪತ್ಮೂರು ದಿನ ಆದ್ಮೇಲೆ, ಸಂಜೆ ನಾಲ್ಕಕ್ಕೆ, ಒಳ್ಳೇ ಬೆಳಕಲ್ಲಿ, ಆ ದಾರಿಯ ಬಸ್ಸು ಹಿಟ್ಟಿನ ಗಿರಣಿ ಗೋಡೆಗೆ ನುಗ್ಗಿತು. ಡ್ರೈವರಿಗೆ ರೆಪ್ಪೆ ಕೂಡಿತ್ತು. ಯಾರೂ ಸಾಯಲಿಲ್ಲ. ಹನ್ನೆರಡು ಜನಕ್ಕೆ ಗಾಯ, ಒಂದು ಹುಡುಗಿಗೆ ಮುಂದಿನ ಹಲ್ಲೆಲ್ಲ ಹೋಯ್ತು, ಡ್ರೈವರಿನ ಹೆಗಲ ಮೂಳೆ ಮುರೀತು. ವಿಚಾರಣೆ ಮಾಡಿದ್ರು. ಮೇಜಿನ ಮೇಲೆ ಏನಿಟ್ರು ಗೊತ್ತಾ, ಇವಳ ನಕ್ಷೆ. ನೋಡಿ, ನಕ್ಷೇಲಿ ವಿರಾಮ ಇಲ್ಲ, ಅಂದ್ರೆ ವಿರಾಮದ ಅಗತ್ಯ ಇರ್ಲಿಲ್ಲ, ಅಂದ್ರೆ ಇವನದು ಬೇಜವಾಬ್ದಾರಿ. ಎಂಟು ತಿಂಗಳು ಕೆಲಸದಿಂದ ಹೊರಗೆ ಇಟ್ರು. ಇವಳು ಆ ಕೋಣೆಲೇ ಕೂತಿದ್ಲು. ತುಟಿ ಪಿಟಕ್ ಅನ್ನಲಿಲ್ಲ.

ಆಮೇಲೆ ಅವಳೇ ಒಂದು ದಿನ ಎಲ್ಲಾ ನಕ್ಷೆಗೂ ಅರ್ಧ ಗಂಟೆ ವಾಪಸ್ ಬರೆದ್ಲು. ಮ್ಯಾನೇಜರ್ ಯಾರು ಹೇಳಿದ್ದು ಅಂತ ಕೇಳಿದ್ರೆ, ಬೇಡ ಅನಿಸಿದ್ರೆ ನೀವೇ ಅಳಿಸ್ಕೊಳ್ಳಿ ಅಂತ ರಬ್ಬರ್ ಅವನ ಮುಂದೆ ಇಟ್ಲು. ಆ ಪುಣ್ಯಾತ್ಮನಿಗೆ ನಕ್ಷೆ ಓದೋದಕ್ಕೇ ಬರ್ತಿರ್ಲಿಲ್ಲ, ಯಾವುದನ್ನ ಅಳಿಸಿದ್ರೆ ಯಾವ ಬಸ್ಸು ಎಲ್ಲಿ ನಿಲ್ಲುತ್ತೋ ಅಂತ ಹೆದರಿ ಮುಟ್ಟಲಿಲ್ಲ. ಅಲ್ಲಿಂದ ನಿವೃತ್ತಿ ತನಕ ಒಂದೇ ಒಂದು ಅರ್ಧ ಗಂಟೆನೂ ಬಿಟ್ಟಿಲ್ಲ ಅವಳು. ಆದ್ರೆ ಆ ಡ್ರೈವರ್ ವಾಪಸ್ ಬಂದ ಮೇಲೆ, ದಿನಾ ಬೆಳಿಗ್ಗೆ ಮಾಳಿಗೆ ಮೆಟ್ಟಿಲ ಹತ್ರ ನಿಂತು ಗೆರೆಯಮ್ಮ ಚೆನ್ನಾಗಿದೀರಾ ಅಂತ ಕೇಳೋನಂತೆ. ಇವಳು ಚೆನ್ನಾಗಿದೀನಿ ಅನ್ನೋಳಂತೆ. ಹನ್ನೊಂದು ವರ್ಷ. ಅವನು ನಿವೃತ್ತಿ ಆಗಿ, ತೀರಿಕೊಂಡೂ ಆಯ್ತು. ಅವನಿಗೆ ಹೇಳಲೇ ಇಲ್ಲ.

ಇಷ್ಟು ಹೇಳಿ ರಬ್ಬರನ್ನ ಕಿಟಕಿಯಿಂದ ಆಚೆ ಎಸೆದ್ಲು. ಕೆಳಗೆ ಯಾರ ತಲೆ ಮೇಲೆ ಬಿತ್ತೋ, ಯಾರೋ ಬೈದಿದ್ದು ಕೇಳಿಸ್ತು.

ಆದ್ರೆ ಸಂಘದವರಿಗೆ ಬರೀ ಅಳು ಸಾಕಾಗಲ್ಲ, ಕಂತು ಬೇಕು. ಹಾಗಂತ ಗಂಡ ಹೆಂಡತಿ ಇಬ್ಬರೂ ಕೂತು ಅರವತ್ನಾಲ್ಕು ಕಂತನ್ನೂ ಆರು ದಿನದಲ್ಲಿ ಮತ್ತೆ ನೋಡಿದ್ರು. ಹಡಗು ಓಡಿಸ್ತಾ ಯಾರಾದ್ರೂ ತಿಂದ್ರಾ, ನಿದ್ದೆ ಮಾಡಿದ್ರಾ, ಸರದಿ ಬದಲಾಯಿಸಿದ್ರಾ ಅಂತ. ಎಲ್ಲೂ ಇಲ್ಲ. ಇಡೀ ಯುದ್ಧದಲ್ಲಿ ಒಬ್ಬನೂ ತಿಂದಿಲ್ಲ, ಒಬ್ಬನೂ ಮಲಗಿಲ್ಲ. ನಿನ್ನ ಚಿಕ್ಕಜ್ಜ ಐವತ್ತನೇ ಕಂತಿನಲ್ಲಿ ಎದ್ದು ಬಚ್ಚಲಿಗೆ ಹೋಗಿ ಬಂದು, ಇವರೆಲ್ಲ ಹನ್ನೊಂದು ವರ್ಷದಿಂದ ಪಾಯಿಖಾನೆ ಸಿಗದೆ ಸಿಟ್ಟಿಗೆ ಯುದ್ಧ ಮಾಡ್ತಿದಾರೆ ಅಂದನಂತೆ. ಅವನು ತಮಾಷೆಗೆ ಅಂದಿದ್ದು. ಅವಳು ಮಾತ್ರ ಪೆನ್ಸಿಲ್ ಕೆಳಗಿಟ್ಟು ಅವನ ಮುಖವನ್ನೇ ನೋಡಿದ್ಲು.

ಭಾನುವಾರ ಬಂತು. ಒಬ್ಳನ್ನೇ ಕಳಿಸಬಾರದು ಅಂತ ನಾನೂ ಹೋದೆ. ಕಿರಿದಾದ ಮೆಟ್ಟಿಲು, ಮೇಲೆ ಉದ್ದ ಕೋಣೆ, ಒಂದು ಗೋಡೆ ತುಂಬಾ ಕನ್ನಡಕದ ಖಾಲಿ ಚೌಕಟ್ಟು, ನೂರು ಜನ ಕಣ್ಣಿಲ್ಲದೆ ನೋಡ್ತಿರೋ ಹಾಗೆ. ಇವಳು ನಕ್ಷೆ ಬಿಚ್ಚಿ ಗೋಡೆಗೆ ಹಾಕಿದ್ಲು. ಮಟ್ಟಸ ಗೆರೆಗಳೆಲ್ಲ ಇದ್ದಲ್ಲೇ ಇವೆ. ಅಷ್ಟೇ ಅಲ್ಲ, ಮೊದಲು ಪೆನ್ಸಿಲಲ್ಲಿ ಇದ್ದಿದ್ದಕ್ಕೆ ಈಗ ಶಾಯಿ ತುಂಬಿದಾಳೆ. ಕನ್ನಡಕದವನ ಮುಖ ಇಳಿದು ಹೋಯ್ತು. ಅವನು ಮೀನಮೇಷ ಎಣಿಸ್ತಾ, ಅಳಿಸೋದಕ್ಕೆ ಹೊತ್ತು ಸಾಕಾಗಲಿಲ್ವಾ ಅಂತ ಕೇಳಿದ.

“ಹೊತ್ತಿತ್ತು,” ಅಂದ್ಲು ಇವಳು. “ಅಳಿಸಲ್ಲ.”

ಕಡ್ಡಿ ಮುರಿದ ಹಾಗೆ. ಕಾಲೇಜಿನ ಹುಡುಗ ಗೋಡೆ ಮೇಲಿನ ನಿಯಮ ತೋರಿಸಿದ. ಊಟ ತೋರಿಸಿಲ್ಲ, ಹಾಗಾಗಿ ಊಟ ನಡೆದಿಲ್ಲ. ಇವಳು, ಸರಿ ಕಣಪ್ಪಾ, ಹಾಗಾದ್ರೆ ಹನ್ನೊಂದು ವರ್ಷ ಯಾರೂ ಪಾಯಿಖಾನೆಗೂ ಹೋಗಿಲ್ಲ, ಅದನ್ನೂ ಅಧಿಕೃತ ಇತಿಹಾಸಕ್ಕೆ ಬರೆದು ಕಳಿಸು ಅಂದ್ಲು. ಅರ್ಧ ಕೋಣೆ ನಕ್ಕಿತು, ಈ ಸಲ ಬೇರೆ ಅರ್ಧ. ಆಮೇಲೆ ನಕ್ಷೆ ಹತ್ರ ಹೋಗಿ, ಬೂದುಬಾತಿನ ಗೆರೆ ಮೇಲೆ ಬೆರಳಿಟ್ಟು, ಎಲ್ಲರಿಗೂ ಕೇಳೋ ಹಾಗೆ ಹೇಳಿದ್ಲು:

“ಇಲ್ಲಿ ತೊಂಬತ್ತು ನಿಮಿಷ ಖಾಲಿ ಇದೆ. ಏನಾಯ್ತು ಅಂತ ಯಾರೂ ತೋರಿಸಿಲ್ಲ. ಪುಸ್ತಕದವರು ಅದರೊಳಗೆ ಹೆದರಿಕೆ ತುಂಬಿದಾರೆ. ನಾನು ಊಟ ತುಂಬಿದೀನಿ. ನಿಯಮದ ಪ್ರಕಾರ ಎರಡೂ ತಪ್ಪೇ. ಆದ್ರೆ ಇಪ್ಪತ್ತು ಗಂಟೆ ಹಡಗು ನಡೆಸೋಳು ಮೂರು ಸಲ ನಿಂತ್ರೆ, ನಿಮಗೆ ಮೊದಲು ಹೊಳೆಯೋದು ಹೇಡಿತನ. ಯಾಕೆ?”

ಆಗ ಗಿರಣಿ ಗೋಡೆ ವಿಷಯ ಹೇಳಿದ್ಲು. ಕಣ್ಣೀರು ಹಾಕಲಿಲ್ಲ, ಕ್ಷಮೆ ಕೇಳಲಿಲ್ಲ, ಬಸ್ಸಿನ ನಂಬರು, ತಾರೀಖು, ಹೊತ್ತು ಎಲ್ಲಾ ಬಿಡಿಬಿಡಿಯಾಗಿ ವರದಿ ಒಪ್ಪಿಸಿದ ಹಾಗೆ ಹೇಳಿದ್ಲು. ಆ ಅರ್ಧ ಗಂಟೆ ಅಳಿಸಿದ ಕೈ ಇದು ಅಂತ ಬಲಗೈ ಎತ್ತಿ ತೋರಿಸಿದ್ಲು. ಒಂದು ಸಲ ಅಳಿಸಿ ಒಬ್ಬ ಮನುಷ್ಯನನ್ನ ತಪ್ಪಿತಸ್ಥ ಮಾಡಿದೆ, ಇನ್ನೊಂದು ಸಲ ಮಾಡಲ್ಲ, ಈ ಕ್ಯಾಪ್ಟನ್ ಸುಳ್ಳು ಕತೆಯೋಳಾದ್ರೂ ಸರಿ ಅಂದ್ಲು.

ಹಿಂದಿನ ಸಾಲಲ್ಲಿ ಕ್ರೇನ್ ಓಡಿಸೋನು ಕೂತಿದ್ದ. ಯಾವತ್ತೂ ಬಾಯಿ ಬಿಡದೋನು, ಬರೀ ಬಿಸ್ಕತ್ತಿಗೆ ಬರ್ತಾನೆ ಅಂತ ಎಲ್ಲರೂ ಅಂದ್ಕೊಂಡಿದ್ರು. ಅವನು ಕೂತಲ್ಲಿಂದಲೇ, ಹದಿನೈದು ಮಹಡಿ ಎತ್ತರದಲ್ಲಿ ಒಬ್ಬನೇ ಕೂತಿರ್ತೀನಿ, ಆರನೇ ಗಂಟೆ ಆದ್ಮೇಲೆ ಕಬ್ಬಿಣದ ತೊಲೆ ಒಂದಿದ್ದಲ್ಲಿ ಎರಡು ಕಾಣುತ್ತೆ, ಗೆರೆಯಮ್ಮ ಬರೆದಿರೋದು ಸರಿ ಅಂದ. ಹಡಗು ತಾನಾಗೇ ಓಡ್ತಿದ್ರೆ ಅಂತ ಹುಡುಗ ಕೇಳಿದ. ತಾನಾಗೇ ಓಡೋದಾದ್ರೆ ಹೆದರಿದ್ದು ಯಾರು, ಹಡಗಾ ಅಂದ ಇವನು. ನಂಗೆ ಆ ಕ್ರೇನಿನವನ ಮೇಲೆ ಅವತ್ತೇ ಅಭಿಮಾನ ಬಂತು ಪುಟ್ಟಿ, ಮದುವೆ ಆಗಿದೆಯಾ ಅಂತ ವಿಚಾರಿಸಬೇಕು, ನಮ್ಮ ಆ... ಇರಲಿ, ಅದು ಆಮೇಲೆ.

ಕನ್ನಡಕದವನಿಗೆ ಒಳಗೊಳಗೇ ಸಂಕಟ, ಆದ್ರೆ ಪುಸ್ತಕದಲ್ಲಿ ಹೆಸರು ಬರುತ್ತಲ್ಲ. ಕೈ ಎತ್ತಿಸೋಣ ಅಂದ. ಪುಸ್ತಕದ ಪ್ರಕಾರ ಪಟ್ಟಿ ಬದಲಾಯಿಸೋದಕ್ಕೆ ಹದಿನಾಲ್ಕು ಕೈ. ಬೇಡ ಅನ್ನೋದಕ್ಕೆ ಏಳು, ಅದರಲ್ಲಿ ಇವಳದೊಂದು. ನಾನೂ ಎತ್ತಿದೆ, ನೀವು ಸದಸ್ಯರಲ್ಲ ಅಂತ ಇಳಿಸಿದ್ರು. ಗಣಿತದ ಮೇಡಂ ಮಾತ್ರ ಯಾವ ಕಡೆಗೂ ಎತ್ತಲಿಲ್ಲ. ಎದ್ದು ನಿಂತು, ಗೊತ್ತಿಲ್ಲದ ಸಂಖ್ಯೆಗೆ ಕೈ ಎತ್ತಿ ಬೆಲೆ ಕಟ್ಟೋದು ನಂಗೆ ಬರಲ್ಲ, ಆದ್ರೆ ಹೋದ ವಾರ ನಾನೂ ನಕ್ಕಿದ್ದೆ, ಆ ನಗು ವಾಪಸ್ ತಗೋತೀನಿ ಅಂತ ಹೇಳಿ ಕೂತ್ರು.

ಸೋತ್ಲು ಅಂತ ನಿಮ್ಮಮ್ಮ ಹೇಳಿದ್ದು ಅದಕ್ಕೆ. ಕನ್ನಡಕದವನು ಹೊಸ ಪಟ್ಟಿ ಮೊದಲೇ ಅಚ್ಚು ಹಾಕಿಸಿಟ್ಟಿದ್ದ, ಮೇಜಿನ ಮೇಲೆ ಇಟ್ಟು ಪೆನ್ನು ಮುಂದೆ ಹಿಡಿದ. ನಿಮ್ಮ ಸಹಿ ಇಲ್ದಿದ್ರೆ ಅವರು ತಗೊಳ್ಳಲ್ಲ, ಇಷ್ಟು ವರ್ಷ ನಿಮ್ಮದೇ ಸಹಿ ಅಲ್ವಾ, ಜಪ್ಪಯ್ಯ ಅಂದ್ರೂ ಬಗ್ಗಲ್ಲ ಅಂದ್ರೆ ಹೇಗೆ ಅಂದ. ಬೇಡ್ಕೊಂಡ ಅಂತಲೇ ಹೇಳಬೇಕು.

“ಪಟ್ಟಿಯಿಂದ ನನ್ನ ಹೆಸರು ತೆಗೀರಿ,” ಅಂದ್ಲು. “ಆ ಹೆಂಗಸಿನ ಅರ್ಧ ಗಂಟೆ ತೆಗೆಯೋ ಕಾಗದಕ್ಕೆ ನನ್ನ ಕೈ ಬರಲ್ಲ.”

ಅವನು ಪೆನ್ನು ಹಿಡ್ಕೊಂಡೇ ನಿಂತಿದ್ದ. ಇವಳು ಗೋಡೆಯಿಂದ ಒಂದೊಂದೇ ಪಿನ್ನು ಕಿತ್ತು, ಅಂಗೈಲಿ ಇಟ್ಕೊಂಡು, ನಕ್ಷೆ ಸುತ್ತಿ ಕಂಕುಳಲ್ಲಿ ಸಿಕ್ಕಿಸ್ಕೊಂಡು ಹೊರಟ್ಲು. ನಾನು ಅವಳ ಹಿಂದೆ. ಮೆಟ್ಟಿಲು ಅರ್ಧ ಇಳಿಯೋ ಹೊತ್ತಿಗೆ ಮೇಲಿಂದ ದಡದಡ ಸದ್ದು. ತಿರುಗಿ ನೋಡ್ತೀವಿ, ಕೈ ಎತ್ತಿದ ಆರು ಜನ ಇಳಿದು ಬರ್ತಿದಾರೆ, ಮುಂದೆ ಕ್ರೇನಿನವನು, ಕೈಲಿ ಬಿಸ್ಕತ್ತಿನ ತಟ್ಟೆ. ಸಂಘದ ತಟ್ಟೆ ಅದು, ಕೇಳದೆ ಎತ್ಕೊಂಡು ಬಂದಿದಾನೆ. ಬೀದಿಲಿ ನಿಂತು ಗೋಡೆಗೆ ನಕ್ಷೆ ಒರಗಿಸಿ ಮತ್ತೆ ಬಿಚ್ಚಿಸಿದ್ರು. ಐವತ್ಮೂರನೇ ಕಂತಿನ ಮುತ್ತಿಗೇಲಿ ಯಾರಿಗೆ ಎಷ್ಟು ವಿರಾಮ ಸಿಕ್ಕಿತ್ತು ನೋಡೋಣ ಅಂತ ಬೇಕರಿ ಯಜಮಾನ. ಹಾಗೆ ನೋಡಿದ್ರೆ ಶತ್ರುಗಳ ಹಡಗಲ್ಲೂ ಆಳು ಕಮ್ಮಿ ಇದ್ದಿರಬೇಕು ಅಂತ ಇನ್ನೊಬ್ಬ. ಬಸ್ಸಿಗೆ ಕಾಯ್ತಾ ಇದ್ದೋರೆಲ್ಲ ಕತ್ತು ಚಾಚಿ ನೋಡ್ತಿದ್ರು. ನನ್ನ ತಂಗಿ ಬೆನ್ನು ನೆಟ್ಟಗೆ ಮಾಡಿ, ಪೆನ್ಸಿಲಿಂದ ತೋರಿಸಿ ತೋರಿಸಿ ಹೇಳ್ತಿದ್ಲು. ಮೂವತ್ತು ವರ್ಷದಲ್ಲಿ ಅವಳು ಅಷ್ಟು ಜೋರಾಗಿ ಮಾತಾಡಿದ್ದು ನಾನು ಕೇಳಿಲ್ಲ.

ಕನ್ನಡಕದವನು ಸಹಿ ಇಲ್ಲದೇ ಪಟ್ಟಿ ಕಳಿಸಿದಾನಂತೆ, ಅವರಿಂದ ಉತ್ತರ ಬಂದಿಲ್ಲ. ಬಂದ್ರೆ ಬರಲಿ. ಇವಳು ಈಗ ಇಡೀ ಯುದ್ಧವನ್ನ ಹೊಸದಾಗಿ ಎಳೀತಿದಾಳೆ, ಊಟ, ನಿದ್ದೆ, ಪಾಯಿಖಾನೆ ಎಲ್ಲಾ ಸೇರಿಸಿ, ಒಂದೊಂದು ಕಡೆನೂ ‘ತೋರಿಸಿಲ್ಲ, ಆದ್ರೂ ನಡೆದಿದೆ’ ಅಂತ ಪಕ್ಕದಲ್ಲಿ ಬರೆದು. ಲೆಕ್ಕ ನೋಡೋದಕ್ಕೆ ಗಣಿತದ ಮೇಡಂ ಬರ್ತೀನಿ ಅಂದಿದಾರೆ, ನಿಮ್ಮ ಪಕ್ಷ ಅಂತ ಅಲ್ಲ, ಲೆಕ್ಕಕ್ಕೆ ಅಂತ ಎರಡು ಸಲ ಹೇಳಿ.

ಅಯ್ಯೋ, ಮಾತಲ್ಲಿ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ನಾಲ್ಕೂವರೆಗೆ ಆ ಆರು ಜನ, ಮೇಡಂ, ಎಲ್ಲರೂ ಹೊಸ ನಕ್ಷೆ ನೋಡೋದಕ್ಕೆ ಚಿಕ್ಕಜ್ಜನ ರಿಪೇರಿ ಅಂಗಡಿಗೆ ಬರ್ತಾರೆ, ಅಲ್ಲಿರೋದು ಆರು ಸ್ಟೂಲು, ಅದರಲ್ಲೊಂದು ಕುಂಟು. ಏಳು ಪುಟ್ಟಿ, ಮಹಡಿ ಮೇಲಿನ ರಿಟೈರ್ಡ್ ಪೋಸ್ಟ್ ಮಾಸ್ಟರ್ ಹತ್ರ ಹೋಗಿ, ಮಡಚೋ ಕುರ್ಚಿ ಎರಡು ಕೇಳಿ ಇಸ್ಕೊಂಡು ಬಾ. ಯಾಕೆ ಅಂತ ಕೇಳೇ ಕೇಳ್ತಾರೆ, ಯುದ್ಧಕ್ಕೆ ಅನ್ನು. ಯಾವ ಕಡೆ ಅಂತ ಕೇಳಿದ್ರೆ ಬೂದುಬಾತಿನ ಕಡೆ ಅನ್ನು. ನಾನೂ ಬರ್ತೀನಿ ಅಂತ ಅವರು ಚಪ್ಪಲಿ ಹಾಕ್ಕೊಂಡ್ರೆ, ಮೂರು ಕುರ್ಚಿ ತಾ.